ರಬ್ಬರ್ ಬ್ಯಾಂಡ್ ಕವಣೆ ಕಿಟ್: ಚೌಕಟ್ಟು ಗಟ್ಟಿ, ಕೈಪಿಡಿ ಪೊಳ್ಳು

ರಬ್ಬರ್ ಬ್ಯಾಂಡಿನ ಬಲದಿಂದ ಚೆಂಡು ಎಸೆಯುವ ಮರದ ಕವಣೆ ಕಿಟ್‌ಗಳು ಈಗ ಆನ್‌ಲೈನ್ ಮಳಿಗೆಗಳಲ್ಲಿಯೂ ದೊಡ್ಡ ಪುಸ್ತಕದಂಗಡಿಗಳ ಆಟಿಕೆ ಕಪಾಟುಗಳಲ್ಲಿಯೂ ಹಲವು ಹೆಸರುಗಳಲ್ಲಿ ಸಿಗುತ್ತವೆ. ಪೆಟ್ಟಿಗೆಯ ಚಿತ್ರ ಬೇರೆಯಾದರೂ ಒಳಗಿನ ನಕ್ಷೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ತಯಾರಕರ ಹೆಸರನ್ನು ಬದಿಗಿಟ್ಟು, 549 ರೂಪಾಯಿಗೆ ನಾನು ಕೊಂಡ ಕಿಟ್‌ನ ಗುಣದೋಷಗಳನ್ನು ಇಲ್ಲಿ ವಿವರಿಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಇದು ಕೊಳ್ಳಬಹುದಾದ ವಸ್ತು. ಆದರೆ ಅದರೊಂದಿಗೆ ಬರುವ ಬ್ಯಾಂಡುಗಳನ್ನು ಬದಲಾಯಿಸಿಕೊಳ್ಳಬೇಕು ಮತ್ತು ಕೈಪಿಡಿ ಹೇಳುವುದನ್ನು ಹಾಗೆಯೇ ನಂಬಬಾರದು. ಈ ಆಟಿಕೆಯಲ್ಲಿ ಯಂತ್ರವೆನ್ನಬಹುದಾದದ್ದು ರಬ್ಬರ್ ಮಾತ್ರ, ಉಳಿದದ್ದೆಲ್ಲ ಅದನ್ನು ಹಿಡಿದು ನಿಲ್ಲಿಸುವ ಕಟ್ಟಡ. ತಯಾರಕರು ಕಟ್ಟಡಕ್ಕೆ ಕೊಟ್ಟಿರುವ ಗಮನದ ಅರ್ಧದಷ್ಟನ್ನೂ ಯಂತ್ರಕ್ಕೆ ಕೊಟ್ಟಿಲ್ಲ.

ಕಟ್ಟಡದ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ಮರದ ನಾರನ್ನು ಒತ್ತಿ ಮಾಡಿದ, 4 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಯನ್ನು ಲೇಸರ್‌ನಿಂದ ಕತ್ತರಿಸಿದ್ದಾರೆ. ಸಂದುಗಳು ಒಂದರೊಳಗೊಂದು ಬಿಗಿಯಾಗಿ ಕೂರುವುದರಿಂದ ಫೆವಿಕಾಲ್ ಬೇಕಾಗುವುದಿಲ್ಲ. ಸುಟ್ಟ ಅಂಚಿನ ಮಸಿ ಬೆರಳಿಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಜೋಡಿಸುವ ಮೊದಲು ತುಂಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವುದು ಲೇಸು. ಎಸೆಯುವ ತೋಳು ಸುಮಾರು 25 ಸೆಂಟಿಮೀಟರ್ ಉದ್ದವಿದೆ. ಅದರ ತುದಿಗೆ ಪ್ಲಾಸ್ಟಿಕ್ ಬಟ್ಟಲು, ಬುಡಕ್ಕೆ ಬೋಲ್ಟಿನ ಕೀಲು, ಮೇಲೆ ತೋಳನ್ನು ತಡೆಯುವ ಅಡ್ಡಪಟ್ಟಿ ಇವೆ. ಒಂದು ಸ್ಪಂಜಿನ ಚೆಂಡು, ಒಂದು ಮರದ ಚೆಂಡು, ಸಣ್ಣ ಚೀಲದಲ್ಲಿ ಬ್ಯಾಂಡುಗಳು, ಇವಲ್ಲದೆ ಇದೇ ತುಂಡುಗಳಿಂದ ಮಾಡಿಕೊಳ್ಳಬಹುದಾದ ಇನ್ನೊಂದು ಮಾದರಿಗಾಗಿ ಪ್ರೊಪೆಲರ್ ಮತ್ತು ಚಕ್ರಗಳೂ ಪೆಟ್ಟಿಗೆಯಲ್ಲಿವೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾಗಿರುವ ಐಎಸ್‌ಐ ಗುರುತು ಪೆಟ್ಟಿಗೆಯ ಬದಿಯಲ್ಲಿದೆ. ಕೊಳ್ಳುವವರು ಅದನ್ನು ಹುಡುಕಿ ನೋಡಿಕೊಳ್ಳಬೇಕು, ಏಕೆಂದರೆ ಇದು ವಸ್ತುಗಳನ್ನು ಎಸೆಯುವ ಆಟಿಕೆ.

ಇನ್ನು ಬ್ಯಾಂಡುಗಳ ವಿಚಾರ. ಚೀಲದಿಂದ ತೆಗೆದ ಬ್ಯಾಂಡನ್ನು ಹೆಬ್ಬೆರಳ ಮೇಲೆ ಬಿಗಿಯಾಗಿ ಎಳೆದು ಬೆಳಕಿಗೆ ಹಿಡಿದರೆ, ಎಳೆತಕ್ಕೆ ಅಡ್ಡಲಾಗಿ ಕೂದಲೆಳೆಯಂತಹ ಬಿರುಕುಗಳು ಕಾಣುತ್ತವೆ. ಗಾಳಿಯಲ್ಲಿರುವ ಅಲ್ಪಸ್ವಲ್ಪ ಓಝೋನ್ ನೈಸರ್ಗಿಕ ರಬ್ಬರಿನ ಅಣುಸರಪಳಿಯಲ್ಲಿರುವ ಜೋಡಿಬಂಧಗಳನ್ನು ಕತ್ತರಿಸುವುದರಿಂದ ಇಂತಹ ಬಿರುಕುಗಳು ಉಂಟಾಗುತ್ತವೆ. ಬ್ಯಾಂಡ್ ಎಳೆದ ಸ್ಥಿತಿಯಲ್ಲಿದ್ದರೆ ಅವು ಬೇಗ ಬಾಯಿಬಿಡುತ್ತವೆ, ಬಿಸಿಲು ತಾಗಿದರೆ ರಬ್ಬರ್ ಇನ್ನಷ್ಟು ಬೇಗ ಹಾಳಾಗುತ್ತದೆ. ಹೊಸ ಪೆಟ್ಟಿಗೆಯಲ್ಲಿಯೇ ಬಿರುಕು ಕಂಡಿತೆಂದರೆ ಆ ಸರಕು ಉಗ್ರಾಣದಲ್ಲಿ ಬಹುಕಾಲ ಕೊಳೆತಿದೆಯೆಂದೇ ಅರ್ಥ. ತೋಳಿಗೆ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟ ಬ್ಯಾಂಡ್ ಬೆಳಗ್ಗೆ ತುಂಡಾಗಿ ಬಿದ್ದಿತ್ತು.

ರಬ್ಬರಿಗೆ ಇಷ್ಟಾದರೂ ಬಾಳಿಕೆ ಬಂದದ್ದು ಗಂಧಕದಿಂದ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ ಹಾಳೆಯನ್ನು ಮುಟ್ಟಿ ನೋಡಿದವರಿಗೆ, ಅದಿನ್ನೂ ಬ್ಯಾಂಡ್ ಆಗಲು ಯೋಗ್ಯವಾದ ಪದಾರ್ಥವಲ್ಲವೆಂಬುದು ಗೊತ್ತಿರುತ್ತದೆ. ಕಚ್ಚಾ ರಬ್ಬರ್ ಸೆಕೆಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ, ಬಹಳ ಹೊತ್ತು ಎಳೆದು ಹಿಡಿದರೆ ಮೊದಲಿನ ಅಳತೆಗೆ ಮರಳುವುದಿಲ್ಲ. ಗಂಧಕ ಬೆರೆಸಿ ಕಾಯಿಸಿದರೆ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಬಿದ್ದು ಈ ದೋಷಗಳು ನೀಗುತ್ತವೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದನು. ಮರುವರ್ಷವೇ, 1845ರ ಮಾರ್ಚ್ 17ರಂದು, ಲಂಡನ್ನಿನ ಸ್ಟೀಫನ್ ಪೆರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದನು. ಕಾಗದಗಳನ್ನು ಒಟ್ಟಿಗೆ ಹಿಡಿದಿಡಲು ಹುಟ್ಟಿದ ಈ ವಸ್ತುವಿನಿಂದ ಕಲ್ಲು ಹಾರಿಸಬಹುದೆಂಬುದನ್ನು ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಕಿಟ್‌ನ ಬ್ಯಾಂಡುಗಳನ್ನು ಬದಿಗಿಟ್ಟು, ಸ್ಟೇಷನರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ, ಚಪ್ಪಟೆಯಾಗಿ ಹಿಡಿದಾಗ 7.5 ಸೆಂಟಿಮೀಟರ್ ಉದ್ದ ಮತ್ತು 3 ಮಿಲಿಮೀಟರ್ ಅಗಲವಿರುವ ಬ್ಯಾಂಡುಗಳನ್ನು ತಂದು ಅಳೆದು ನೋಡಿದೆ. ಈ ಅಳತೆಗೆ ಯಾವ ಉಪಕರಣವೂ ಬೇಡ. ಮೊಳೆಗೆ ಬ್ಯಾಂಡನ್ನು ಸಿಕ್ಕಿಸಿ, ಕೆಳಗೆ ಹಗುರವಾದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ತೂಗುಬಿಟ್ಟು, ಅಡುಗೆಮನೆಯ ಅಳತೆಲೋಟದಿಂದ 100 ಮಿಲಿಲೀಟರಿನಂತೆ ನೀರು ಹೊಯ್ಯುತ್ತಾ ಹೋದರೆ, ಪ್ರತಿ ಸಲವೂ 100 ಗ್ರಾಂ ತೂಕ, ಅಂದರೆ ಸುಮಾರು 1 ನ್ಯೂಟನ್ ಬಲ, ಹೆಚ್ಚಿದಂತಾಗುತ್ತದೆ. ಪಕ್ಕದ ಗೋಡೆಗೆ ಅಂಟಿಸಿದ ಸ್ಕೇಲಿನಲ್ಲಿ ಉದ್ದವನ್ನು ಓದಿಕೊಳ್ಳಬಹುದು. ಮೊದಲ 100 ಗ್ರಾಂಗೆ ಬ್ಯಾಂಡ್ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಇಳಿಯಿತು. ನಾಲ್ಕುನೂರರಿಂದ ಐನೂರಕ್ಕೆ ಹೋಗುವಾಗ ಅದೇ 100 ಗ್ರಾಂಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿಯಿತು. ಒಂದು ಕಿಲೋಗ್ರಾಂ ಸಮೀಪಿಸಿದಂತೆ ಮತ್ತೆ ಬಿಗಿಯಾಗತೊಡಗಿತು. ಕೈಪಿಡಿಯಾದರೋ, ಎಳೆತ ಎರಡರಷ್ಟಾದರೆ ಬಲವೂ ಎರಡರಷ್ಟಾಗುತ್ತದೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತದೆ. ಉಕ್ಕಿನ ಸ್ಪ್ರಿಂಗಿಗೆ ಹೊಂದುವ ಹುಕ್‌ನ ನಿಯಮವನ್ನು ರಬ್ಬರಿಗೆ ಹಾಗೆಯೇ ಅಂಟಿಸಿದರೆ ಮಗು ತಾನೇ ಅಳೆದು ಪಡೆದ ಅಂಕಿಗಳು ತಪ್ಪೆಂದು ಭಾವಿಸುತ್ತದೆ. ತಪ್ಪು ಮಗುವಿನದಲ್ಲ.

ಈ ಅಳತೆಯಿಂದಲೇ ಬ್ಯಾಂಡಿನಲ್ಲಿ ಸೇರಿದ ಶಕ್ತಿಯನ್ನೂ ಲೆಕ್ಕ ಹಾಕಬಹುದು. ಪ್ರತಿ ಹಂತದ ಸರಾಸರಿ ಬಲವನ್ನು ಆ ಹಂತದಲ್ಲಿ ಹೆಚ್ಚಿದ ಉದ್ದದಿಂದ ಗುಣಿಸಿ, ಎಲ್ಲ ಹಂತಗಳನ್ನೂ ಕೂಡಿದರಾಯಿತು. 500 ಗ್ರಾಂವರೆಗೆ, ಅಂದರೆ ಸುಮಾರು 9 ಸೆಂಟಿಮೀಟರ್ ಎಳೆದಾಗ, ಕೂಡಿ ಬಂದ ಮೊತ್ತ ಕಾಲು ಜೌಲ್. ಅದು 100 ಗ್ರಾಂ ತೂಕವನ್ನು 25 ಸೆಂಟಿಮೀಟರ್ ಎತ್ತುವಷ್ಟು ಶಕ್ತಿ. ಅರ್ಧ ಗ್ರಾಂ ಕೂಡ ತೂಗದ ಬ್ಯಾಂಡಿಗೆ ಇದು ಸಣ್ಣ ಸಾಧನೆಯಲ್ಲ. ಅಷ್ಟೇ ತೂಕದ ಉಕ್ಕಿನ ಸ್ಪ್ರಿಂಗ್ ಇದರ ಸಣ್ಣದೊಂದು ಪಾಲನ್ನು ಮಾತ್ರ ಹಿಡಿದಿಡಬಲ್ಲದು. ಅರ್ಧದಷ್ಟೇ ಎಳೆದರೆ ಶಕ್ತಿ ಅರ್ಧಕ್ಕಿಳಿಯುವುದಿಲ್ಲ, ಸುಮಾರು ಮೂರೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕವಣೆಯಲ್ಲಿ ಕೊನೆಯ ಎರಡು ಬೆರಳಷ್ಟು ಎಳೆತ ಅಷ್ಟೊಂದು ವ್ಯತ್ಯಾಸ ಮಾಡುವುದು ಇದರಿಂದಲೇ. ಪ್ರಚ್ಛನ್ನ ಶಕ್ತಿಯನ್ನು ಪಾಠದಲ್ಲಿ ಓದುವ ಮಗುವಿಗೆ ಈ ಒಂದು ಪ್ರಯೋಗ ಕಿಟ್‌ನ ಬೆಲೆಯನ್ನು ತೀರಿಸುತ್ತದೆ, ಆದರೆ ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ.

ಕೈಪಿಡಿಯ ದೊಡ್ಡ ದೋಷ ಇನ್ನೊಂದು ಪುಟದಲ್ಲಿದೆ. ರಬ್ಬರಿನ ಅಣುಗಳು ಪುಟ್ಟ ಸ್ಪ್ರಿಂಗುಗಳಂತೆ ಹಿಗ್ಗಿ ಶಕ್ತಿಯನ್ನು ಹಿಡಿದಿಡುತ್ತವೆಂದು ಅಲ್ಲಿ ಬಣ್ಣದ ಚಿತ್ರ ಬರೆದಿದ್ದಾರೆ. ಉಕ್ಕಿನಲ್ಲಿ ಪರಮಾಣುಗಳ ನಡುವಿನ ಅಂತರವೇ ಹಿಗ್ಗುವುದರಿಂದ ಅದಕ್ಕೆ ಈ ಮಾತು ಸಲ್ಲುತ್ತದೆ. ರಬ್ಬರಿನ ವ್ಯವಹಾರವೇ ಬೇರೆ. ಅದರ ಉದ್ದನೆಯ ಸರಪಳಿಗಳು ಬೆಂದ ಶಾವಿಗೆಯ ಮುದ್ದೆಯಂತೆ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ ಮತ್ತು ಕೋಣೆಯ ಉಷ್ಣತೆಯಲ್ಲಿ ಸದಾ ತಡಕಾಡುತ್ತಾ ಹೊರಳಾಡುತ್ತಿರುತ್ತವೆ. ಎಳೆದಾಗ ಸರಪಳಿ ನೇರವಾಗುತ್ತದೆಯೇ ಹೊರತು ಅದರ ಬಂಧಗಳು ಹೇಳಿಕೊಳ್ಳುವಷ್ಟು ಹಿಗ್ಗುವುದಿಲ್ಲ. ಸರಪಳಿಯೊಂದು ಸಿಕ್ಕಾಗಿರಲು ಅಸಂಖ್ಯ ಬಗೆಗಳಿವೆ, ನೇರವಾಗಿರಲು ಕೆಲವೇ ಬಗೆಗಳಿವೆ. ಕೈಬಿಟ್ಟೊಡನೆ ಅಣುಗಳ ಉಷ್ಣಚಲನೆಯೇ ಅವುಗಳನ್ನು ಮತ್ತೆ ಸಿಕ್ಕಿನ ಕಡೆಗೆ ಒಯ್ಯುತ್ತದೆ. ಬ್ಯಾಂಡ್ ಸೆಳೆದುಕೊಳ್ಳುವ ಬಲವೆಂದರೆ ಬಹುಮಟ್ಟಿಗೆ ಇದೇ. ಭೌತವಿಜ್ಞಾನಿಗಳು ಇದನ್ನು ಎಂಟ್ರೊಪಿಯ, ಅಂದರೆ ಅಣುಗಳು ಇರಬಹುದಾದ ಬಗೆಗಳ ಎಣಿಕೆಯ, ಲೆಕ್ಕದಲ್ಲಿ ಹೇಳುತ್ತಾರೆ. ಹತ್ತು ವರ್ಷದ ಮಗುವಿಗೆ ಆ ಹೆಸರು ಬೇಕಿಲ್ಲ, ಆದರೆ ತಪ್ಪು ಚಿತ್ರವೂ ಬೇಕಿಲ್ಲ.

ಈ ವಿವರಣೆಯನ್ನು ತುಟಿಯ ಮೇಲೆಯೇ ಪರೀಕ್ಷಿಸಬಹುದು. ಅಗಲವಾದ, ಬಿರುಕಿಲ್ಲದ ಬ್ಯಾಂಡೊಂದನ್ನು ಆರಿಸಿಕೊಂಡು, ಥಟ್ಟನೆ ಎಳೆದು ಒಡನೆಯೇ ಮೇಲ್ದುಟಿಗೆ ತಾಗಿಸಿದರೆ ಅದು ಬೆಚ್ಚಗಾಗಿರುವುದು ತಿಳಿಯುತ್ತದೆ. ಹಾಗೆಯೇ ಎಳೆದು ಸ್ವಲ್ಪ ಹೊತ್ತು ಹಿಡಿದಿದ್ದು, ಆ ಬಿಸಿ ಆರಿದ ಮೇಲೆ ಸಡಿಲಿಸಿ ತಾಗಿಸಿದರೆ ತಂಪು ಅನುಭವಕ್ಕೆ ಬರುತ್ತದೆ. ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಾಫ್ ಎಂಬ ಅಂಧ ವಿದ್ವಾಂಸ ತುಟಿಗೆ ತಾಗಿಸಿಯೇ ಇದನ್ನು ಕಂಡುಕೊಂಡು 1805ರಲ್ಲಿ ಪ್ರಕಟಿಸಿದನು. ಅರ್ಧ ಶತಮಾನದ ನಂತರ, 1859ರಲ್ಲಿ, ಜೇಮ್ಸ್ ಜೌಲ್ ಅದನ್ನು ಅಳತೆಗಳಿಂದ ದೃಢಪಡಿಸಿದನು. ಕಾಲು ಜೌಲ್ ಎಂದು ಮೇಲೆ ಬರೆದ ಮಾನಕ್ಕೆ ಹೆಸರು ಬಂದದ್ದೂ ಅವನಿಂದಲೇ. ಗಾಫ್ ಗಮನಿಸಿದ ಮತ್ತೊಂದು ಸಂಗತಿಯೆಂದರೆ, ತೂಕ ಕಟ್ಟಿ ತೂಗುಬಿಟ್ಟ ರಬ್ಬರಿಗೆ ಶಾಖ ಕೊಟ್ಟರೆ ಅದು ಉಕ್ಕಿನ ತಂತಿಯಂತೆ ಉದ್ದವಾಗದೆ ಕುಗ್ಗುತ್ತದೆ. ನೀರಿನ ಬಾಟಲಿ ತೂಗುತ್ತಿರುವಾಗ ಬ್ಯಾಂಡಿನ ಮೇಲೆ ಹೇರ್ ಡ್ರೈಯರ್ ಹಿಡಿದರೆ ಬಾಟಲಿ ಮೇಲಕ್ಕೇರುವುದನ್ನು ಕಣ್ಣಾರೆ ಕಾಣಬಹುದು. ಅಣುಗಳೇ ಸ್ಪ್ರಿಂಗುಗಳೆಂಬ ಚಿತ್ರ ಈ ಏರಿಕೆಗೆ ಯಾವ ಕಾರಣವನ್ನೂ ಕೊಡಲಾರದು.

ಬಾಟಲಿಯ ನೀರನ್ನು ಮತ್ತೆ 100 ಮಿಲಿಲೀಟರಿನಂತೆ ತೆಗೆಯುತ್ತಾ ಬಂದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಏರುವಾಗ 200 ಗ್ರಾಂಗೆ ಇದ್ದ ಉದ್ದಕ್ಕಿಂತ ಇಳಿಯುವಾಗ ಅದೇ 200 ಗ್ರಾಂಗೆ ಇರುವ ಉದ್ದ ಕೆಲವು ಮಿಲಿಮೀಟರ್ ಹೆಚ್ಚಾಗಿರುತ್ತದೆ. ಅಂದರೆ ನಾವು ಕೊಟ್ಟ ಶಕ್ತಿಯನ್ನು ಬ್ಯಾಂಡ್ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಒಳಗಿನ ಘರ್ಷಣೆಯಲ್ಲಿ ಶಾಖವಾಗಿ ಸೋರಿಹೋಗುತ್ತದೆ. ಹಿಸ್ಟರಿಸಿಸ್ ಎನ್ನುವುದು ಇದನ್ನೇ. ಕವಣೆಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ: ತೋಳನ್ನು ಎಳೆದೊಡನೆ ಬಿಟ್ಟಾಗ ಚೆಂಡು ಹೋಗುವಷ್ಟು ದೂರ, ಎಳೆದು ಒಂದು ನಿಮಿಷ ಹಿಡಿದು ಬಿಟ್ಟಾಗ ಹೋಗುವುದಿಲ್ಲ. ರಬ್ಬರ್ ಆ ಹೊತ್ತಿನಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ, ಎಳೆದಾಗ ಹುಟ್ಟಿದ ಬಿಸಿಯೂ ಆರಿಹೋಗುತ್ತದೆ. ಗುರಿ ಹಿಡಿಯಲು ಹೊತ್ತು ತೆಗೆದುಕೊಳ್ಳುವ ಮಕ್ಕಳಿಗೆ ಒಂದೆರಡು ಗೇಣು ನಷ್ಟವಾಗುತ್ತದೆ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ 10 ಮೀಟರ್ ಎಂಬ ಮಾತಿಗೆ ಈಗ ಬರೋಣ. ಹೊಸ ಬ್ಯಾಂಡ್ ಒಂದನ್ನೇ ಹಾಕಿ, ಪೂರ್ತಿ ಎಳೆದು ಬಿಟ್ಟಾಗ, 5 ಗ್ರಾಂ ತೂಗುವ ಗೋಲಿ ಮೂರೂವರೆ ಮೀಟರ್ ದಾಟಲು ತಿಣುಕಾಡಿತು. ಗಾಳಿಯ ತಡೆಯಿಲ್ಲದಿದ್ದರೆ, ಬ್ಯಾಂಡಿಗೆ ಕೊಟ್ಟ ಕಾಲು ಜೌಲ್ ಶಕ್ತಿಯೆಲ್ಲವೂ ಗೋಲಿಗೇ ಸೇರಿದ್ದರೆ, ಅದು 10 ಮೀಟರ್ ತಲುಪಬೇಕಿತ್ತು. ಪೆಟ್ಟಿಗೆಯ ಅಂಕಿ ಬಂದದ್ದು ಬಹುಶಃ ಇಂತಹ ಕಾಗದದ ಲೆಕ್ಕದಿಂದ. ವಾಸ್ತವದಲ್ಲಿ ಬ್ಯಾಂಡ್ ಗೋಲಿಯೊಂದನ್ನೇ ತಳ್ಳುವುದಿಲ್ಲ, ತೋಳನ್ನೂ ಬಟ್ಟಲನ್ನೂ ತಳ್ಳುತ್ತದೆ, ಕೀಲಿನ ಉಜ್ಜಾಟವನ್ನೂ ಮೀರಬೇಕಾಗುತ್ತದೆ. ತೋಳಿಗೆ ಸೇರಿದ ಶಕ್ತಿ ಅಡ್ಡಪಟ್ಟಿಗೆ ಬಡಿದು ಟಕ್ಕೆಂಬ ಸದ್ದಾಗಿ ಮುಗಿಯುತ್ತದೆ. ಇದನ್ನು ಅರಿಯಲು ಒಳ್ಳೆಯ ಉಪಾಯವೆಂದರೆ ಗೋಲಿಯ ಜಾಗದಲ್ಲಿ ಹುಣಸೆ ಬೀಜವಿಟ್ಟು ನೋಡುವುದು. ಬೀಜ ಗೋಲಿಯ ಐದರಲ್ಲೊಂದು ಪಾಲು ಕೂಡ ತೂಗುವುದಿಲ್ಲ, ಆದರೆ ಅದು ಐದು ಪಟ್ಟು ದೂರವೇನೂ ಹೋಗಲಿಲ್ಲ. ಒಂದು ಮೀಟರ್ ಹೆಚ್ಚು ಹೋಯಿತು, ಅಷ್ಟೆ. ಹಾರುವ ವಸ್ತು ತೀರ ಹಗುರವಾದಾಗ ಬ್ಯಾಂಡ್ ಮುಖ್ಯವಾಗಿ ತೋಳನ್ನೇ ಎಸೆಯುತ್ತಿರುತ್ತದೆ. ಕಿಟ್‌ನ ಸ್ಪಂಜಿನ ಚೆಂಡು ಗೋಲಿಗಿಂತ ಹಗುರವಾಗಿದ್ದರೂ ಗಾಳಿಯ ತಡೆಗೆ ಸಿಕ್ಕಿ ಗೋಲಿಗಿಂತ ಮೊದಲೇ ಬೀಳುತ್ತದೆ. ಎರಡು ಬ್ಯಾಂಡುಗಳನ್ನು ಜೊತೆಜೊತೆಯಾಗಿ ಹಾಕಿದರೆ ಅದೇ ಎಳೆತಕ್ಕೆ ಶಕ್ತಿ ಎರಡರಷ್ಟಾಗಿ ಗೋಲಿ 6 ಮೀಟರಿನ ಆಸುಪಾಸಿಗೆ ಹೋಗುತ್ತದೆ. ಒಂದರ ತುದಿಗೊಂದು ಗಂಟುಹಾಕಿದರೆ ಬಲ ಕಡಿಮೆಯಾಗಿ ದೂರವೂ ಕಡಿಮೆಯಾಗುತ್ತದೆ. ಮೂರನೆಯ ಬ್ಯಾಂಡ್ ಹಾಕಿದಾಗ ಚೌಕಟ್ಟು ಮೇಜಿನಿಂದ ಮೇಲಕ್ಕೇಳತೊಡಗಿತು, ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಕಿಟ್ ಮಾಡಿದವರಿಗೆ ಒಂದು ಮೆಚ್ಚುಗೆ ಸಲ್ಲಬೇಕಾದದ್ದು ಅಡ್ಡಪಟ್ಟಿಯ ವಿಷಯದಲ್ಲಿ. ಅದನ್ನು ಸಿಕ್ಕಿಸಲು ಮೂರು ಜೊತೆ ತೂತುಗಳಿವೆ. ತೋಳು ನೆಟ್ಟಗೆ ನಿಂತಾಗ ತಡೆದರೆ ಗೋಲಿ ನೆಲಕ್ಕೆ ಸಮಾನಾಂತರವಾಗಿ ಹೊರಟು ಬೇಗ ಬೀಳುತ್ತದೆ, ಏಕೆಂದರೆ ಅದು ಹೊರಡುವ ದಿಕ್ಕು ಯಾವಾಗಲೂ ತೋಳಿಗೆ ಲಂಬವಾಗಿರುತ್ತದೆ. ತೋಳು ಇನ್ನೂ ಅರ್ಧ ಮೇಲೆದ್ದಿರುವಾಗಲೇ ತಡೆದರೆ ಗೋಲಿ 45 ಡಿಗ್ರಿಯ ಸುಮಾರಿಗೆ ಏರುತ್ತದೆ. ನಡುವಿನ ತೂತು ಇದಕ್ಕೆ ಹತ್ತಿರದ್ದು, ನನ್ನ ಅಳತೆಗಳೆಲ್ಲ ಅದರಲ್ಲಿಯೇ ಪಡೆದವು. ಇಲ್ಲಿಯೂ ಕೈಪಿಡಿ 45 ಡಿಗ್ರಿಯೇ ಎಲ್ಲ ಕಾಲಕ್ಕೂ ಅತ್ಯುತ್ತಮವೆಂದು ಹೇಳುತ್ತದೆ. ಕವಣೆಯನ್ನು ಮೇಜಿನ ಮೇಲಿಟ್ಟು ನೆಲಕ್ಕೆ ಎಸೆಯುವಾಗ ಅದಕ್ಕಿಂತ ಕಡಿಮೆ ಕೋನವೇ ಹೆಚ್ಚು ದೂರ ಕೊಡುತ್ತದೆ.

ಎಳೆಯಲು ಕೈಗೆ ಒಂದೆರಡು ಸೆಕೆಂಡು ಬೇಕಾದರೆ, ಬಿಟ್ಟ ಮೇಲೆ ಎಲ್ಲವೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ. ಬ್ಯಾಂಡ್ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಅದನ್ನು ಖರ್ಚುಮಾಡುವ ಸಮಯವನ್ನು ಕುಗ್ಗಿಸುತ್ತದೆ. ಇದೇ ರಬ್ಬರಿನಿಂದ ಇದಕ್ಕೆ ತದ್ವಿರುದ್ಧವಾದ ಕೆಲಸವನ್ನೂ ಮಾಡಿಸಬಹುದೆಂಬುದನ್ನು ಕಿಟ್‌ನ ಎರಡನೆಯ ಮಾದರಿಯಾದ ಪ್ರೊಪೆಲರ್ ಗಾಡಿ ತೋರಿಸುತ್ತದೆ. ಇಲ್ಲಿ ಬ್ಯಾಂಡನ್ನು ಎಳೆಯುವ ಬದಲು ತಿರುಚುತ್ತೇವೆ, ಪ್ರೊಪೆಲರಿಗೆ ಎದುರಾಗುವ ಗಾಳಿ ಅದನ್ನು ನಿಧಾನವಾಗಿ ಬಿಚ್ಚಿಕೊಳ್ಳುವಂತೆ ಮಾಡುತ್ತದೆ. ಪ್ಯಾರಿಸ್ಸಿನ ಟ್ಯುಲರೀಸ್ ಉದ್ಯಾನದಲ್ಲಿ 1871ರ ಆಗಸ್ಟ್ 18ರಂದು ಆಲ್ಫೋನ್ಸ್ ಪೆನೊ ಹಾರಿಸಿದ ಪುಟ್ಟ ವಿಮಾನ ಹೀಗೆ ತಿರುಚಿದ ರಬ್ಬರಿನಿಂದಲೇ ಸುಮಾರು 40 ಮೀಟರ್ ಹಾರಿತ್ತು. ಅವನ ಮಾದರಿಯ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ತಂದೆ ತಂದುಕೊಟ್ಟದ್ದನ್ನು ರೈಟ್ ಸಹೋದರರು ಮುಂದೆ ನೆನೆದಿದ್ದಾರೆ. ಇಂದಿಗೂ ಎಫ್‌1ಬಿ ಎಂಬ ಅಂತಾರಾಷ್ಟ್ರೀಯ ಸ್ಪರ್ಧಾ ವಿಭಾಗದ ಮಾದರಿ ವಿಮಾನಗಳು 30 ಗ್ರಾಂ ರಬ್ಬರಿನ ಮಿತಿಯೊಳಗೆ ಮೂರು ನಿಮಿಷಕ್ಕೂ ಹೆಚ್ಚು ಕಾಲ ಹಾರುತ್ತವೆ. ಇಷ್ಟು ದೊಡ್ಡ ವಂಶದ ಕುಡಿಯಾದರೂ ಕಿಟ್‌ನ ಗಾಡಿ ಸಪ್ಪೆಯಾಗಿದೆ. ಚಕ್ರಗಳು ಅಚ್ಚಿನಲ್ಲಿ ಬಿಗಿಯಾಗಿರುವುದರಿಂದ ನುಣುಪಾದ ಗ್ರಾನೈಟ್ ನೆಲದ ಮೇಲೆ ಮಾತ್ರ ಸ್ವಲ್ಪ ದೂರ ಓಡುತ್ತದೆ, ಜಮಖಾನೆಯ ಮೇಲೆ ಅಲುಗುವುದೇ ಇಲ್ಲ. ಅಚ್ಚಿಗೆ ಪೆನ್ಸಿಲ್ ಪುಡಿ ಸವರಿದರೆ ಅಷ್ಟಿಷ್ಟು ಸುಧಾರಿಸುತ್ತದೆ.

ಎಂಟು ವರ್ಷದಿಂದ ಮೇಲ್ಪಟ್ಟವರಿಗೆಂದು ಪೆಟ್ಟಿಗೆ ಹೇಳುತ್ತದೆ. ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಅದು ಸರಿಯೇ. ಗಾಜಿನ ಗೋಲಿಯನ್ನು ನಾನು ಅಳತೆಗಾಗಿ ಖಾಲಿ ಮಹಡಿಯ ಮೇಲೆ ಬಳಸಿದೆನೇ ಹೊರತು ಮಕ್ಕಳ ಕೈಗೆ ಕೊಡಲು ಅದು ಯೋಗ್ಯವಲ್ಲ. ಅವರಿಗೆ ಸ್ಪಂಜಿನ ಚೆಂಡು ಸಾಕು. ತುಂಡಾದ ಬ್ಯಾಂಡ್ ಹಿಂದಕ್ಕೆ ಚಿಮ್ಮುವುದೂ ಉಂಟಾದ್ದರಿಂದ, ಎಳೆಯುವಾಗ ಮುಖವನ್ನು ಕವಣೆಯ ನೇರದಲ್ಲಿ ಇಟ್ಟುಕೊಳ್ಳಬಾರದು. ಆಟ ಮುಗಿದ ಮೇಲೆ ಬ್ಯಾಂಡನ್ನು ತೋಳಿನಿಂದ ಬಿಚ್ಚಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಮುಚ್ಚಳವಿರುವ ಡಬ್ಬಿಯಲ್ಲಿ ಬಿಸಿಲು ತಾಗದ ಕಡೆ ಇಟ್ಟರೆ ಅದು ಬಹುಕಾಲ ಬಾಳುತ್ತದೆ. ತಯಾರಕರು ಬದಲಿ ಬ್ಯಾಂಡುಗಳ ಪೊಟ್ಟಣವನ್ನು 99 ರೂಪಾಯಿಗೆ ಪ್ರತ್ಯೇಕವಾಗಿ ಮಾರುತ್ತಾರೆ, ಅದನ್ನು ಕೊಳ್ಳುವ ಅಗತ್ಯವಿಲ್ಲ; ಮೇಲೆ ಹೇಳಿದ ಅಳತೆಯ ಬ್ಯಾಂಡುಗಳು ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಅದಕ್ಕಿಂತ ಅಗ್ಗವಾಗಿ ಸಿಗುತ್ತವೆ, ಕೊಳ್ಳುವಾಗ ಒಂದನ್ನು ಹೆಬ್ಬೆರಳಿಗೆ ಸುತ್ತಿ ಎಳೆದು ಬಿರುಕಿದೆಯೇ ಎಂದು ನೋಡಿಕೊಂಡರೆ ಸಾಕು.